ಕೊನೆಯ ಶನಿವಾರದ ಕಸಬರಿಗೆ

ಇವತ್ತು ಬೆಳಿಗ್ಗೆ ರಾಜಗಿರಿ ಸೊಪ್ಪಿಗೆ ಒಗ್ಗರಣೆ ಹಾಕುತ್ತ ನಿಂತಿದ್ದೆ. ಬೆಳ್ಳುಳ್ಳಿ ಕೆಂಪಗಾಗುವ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಿನ್ನೆ ಲಿಫ್ಟಿನಲ್ಲಿ ಕಂಡ ಹುಡುಗಿ ನೆನಪಾದಳು. ಮೇಲಿನ ಮಹಡಿಗೆ ಹೊಸದಾಗಿ ಬಂದವಳು. ಆರೋ ಏಳೋ ತಿಂಗಳ ಹೊಟ್ಟೆ. ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದು ಕೈ ಸೊಂಟದ ಮೇಲೆ. ನಾನು ನಕ್ಕೆ, ಅವಳೂ ನಕ್ಕಳು. ಆಮೇಲೆ ಇಬ್ಬರೂ ಲಂಡನ್ನಿನ ಪದ್ಧತಿಯಂತೆ, ಮಹಡಿಯ ನಂಬರು ಬದಲಾಗುವುದನ್ನು ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡುವಷ್ಟು ಶ್ರದ್ಧೆಯಿಂದ ನೋಡಿದೆವು. ನನ್ನ ಮಹಡಿ ಬಂತು, ಇಳಿದೆ. ಅಷ್ಟೇ.

ಅಷ್ಟೇ ಆಗಬಾರದಿತ್ತು. ಯಾಕೆ ಆಗಬಾರದಿತ್ತು ಎಂದು ಹೇಳಬೇಕಾದರೆ, ನಾನೇ ಅಂಥ ಹೊಟ್ಟೆ ಹೊತ್ತು ಇದೇ ಲಿಫ್ಟಿನಲ್ಲಿ ಓಡಾಡುತ್ತಿದ್ದ ಕಾಲಕ್ಕೆ ನಿಮ್ಮನ್ನು ಕರೆದುಕೊಂಡು ಹೋಗಬೇಕು. ಪಲ್ಯಕ್ಕೆ ಮುಚ್ಚಳ ಹಾಕಿದ್ದೇನೆ, ಉರಿ ಸಣ್ಣಗಿದೆ. ಬನ್ನಿ.

ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನವರದು. ನನ್ನ ಅವ್ವ ನಾನು ಧಾರವಾಡದಲ್ಲಿ ಕಾಲೇಜು ಓದುವಾಗಲೇ ಹೋಗಿಬಿಟ್ಟಿದ್ದಳು. ಹಾಗಾಗಿ ಅತ್ತೆ ವಿಜಯಪುರದಿಂದ ಫೋನು ಮಾಡಿ, "ನಿಮ್ಮವ್ವ ಇಲ್ಲಂದ್ರ ಏನಾತು, ನಾ ಇಲ್ಲೇನು? ನಾ ಬರ್ತೇನಿ" ಎಂದರು. ಆ ಒಂದು ಮಾತಿಗೆ ನಾನು ಲಂಡನ್ನಿನ ನಮ್ಮ ಬಡಾವಣೆ ಹೌನ್ಸ್ಲೋದ ಬಸ್ ಸ್ಟಾಪಿನಲ್ಲಿ ನಿಂತು ಗಳಗಳನೆ ಅತ್ತಿದ್ದೆ. ಪಕ್ಕದಲ್ಲಿದ್ದ ಮುದುಕಿ ಬಸ್ಸು ತಪ್ಪಿತೆಂದು ಅಳುತ್ತಿದ್ದೇನೆ ಎಂದುಕೊಂಡು, "ಇನ್ನೊಂದು ಬರುತ್ತದೆ, ಕಣ್ಣೊರೆಸಿಕೋ" ಎಂದು ಸಮಾಧಾನ ಮಾಡಿದಳು.

ಅತ್ತೆ ಬಂದರು. ಆರು ತಿಂಗಳ ವೀಸಾ, ಒಂದು ಸೂಟ್‌ಕೇಸ್ ತುಂಬ ಅಂಟಿನುಂಡಿ, ಶೇಂಗಾ ಹಿಂಡಿ, ಹೆಂಚಿನಷ್ಟು ಒಣಗಿದ ಜೋಳದ ರೊಟ್ಟಿ. ವಿಜಯಪುರದ ಓಣಿಯಲ್ಲಿ ಅವರದು ನಡೆದಷ್ಟೂ ಮಾತು. ಹಾಲಿನವನಿಂದ ಹಿಡಿದು ಬಳೆಗಾರ್ತಿಯವರೆಗೆ ಎಲ್ಲರಿಗೂ ಅವರ ಕಟ್ಟೆಯೇ ಕಚೇರಿ. ಇಲ್ಲಿ? ಮಗ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾನೆ. ಸೊಸೆ ಲ್ಯಾಪ್‌ಟಾಪಿನ ಮುಂದೆ ಕಿವಿಗೆ ಬೆಂಡೋಲೆಯಂಥದ್ದು ಸಿಕ್ಕಿಸಿಕೊಂಡು ಯಾರ ಜೊತೆಗೋ ಇಂಗ್ಲಿಷಿನಲ್ಲಿ ಜಗಳಾಡುತ್ತಾಳೆ. ಅತ್ತೆ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. ಹೌನ್ಸ್ಲೋದಲ್ಲಿ ವಿಮಾನಗಳು ಚಾವಣಿಗೆ ತಾಗುವ ಹಾಗೆ ಇಳಿಯುತ್ತವಲ್ಲ, ಪ್ರತಿ ವಿಮಾನಕ್ಕೂ ಕತ್ತೆತ್ತಿ, "ಇದು ನಮ್ಮ ಕಡೆಗೇನು?" ಎನ್ನುತ್ತಿದ್ದರು. ಅದು ಇಳಿಯುವ ವಿಮಾನ, ಹೋಗುವುದಲ್ಲ ಎಂದರೆ ಮುಖ ಸಣ್ಣದು ಮಾಡುತ್ತಿದ್ದರು.

ನಾನು ಜಾಣತನ ಮಾಡಲು ಹೋದೆ. ಮೊದಲ ಮಹಡಿಯಲ್ಲಿ ಫಿಲೋಮಿನಾ ಬಾಯಿ ಇದ್ದರು. ಉಡುಪಿ ಕಡೆಯ ಕ್ಯಾಥೊಲಿಕರು, ಮನೆಯಲ್ಲಿ ಕೊಂಕಣಿ, ಹೊರಗೆ ಸೊಗಸಾದ ಕನ್ನಡ. ಮಗನ ಸಂಸಾರದ ಜೊತೆ ಇಲ್ಲೇ ನೆಲೆಸಿದವರು. ಅವರ ಮೊಮ್ಮಕ್ಕಳು ಕನ್ನಡಕ್ಕೂ ಕೊಂಕಣಿಗೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದುದರಿಂದ ಅವರಿಗೂ ಬಾಯಿ ಬಿಗಿದಿತ್ತು. ಇಡೀ ಕಟ್ಟಡದಲ್ಲಿ ಕನ್ನಡದ ಹಸಿವಿನಿಂದ ಬಳಲುವ ಇಬ್ಬರು ಹಿರಿಯರು! ನಾನು ಹೋಗಿ ಹೇಳಿದೆ. ಫಿಲೋಮಿನಾ ಬಾಯಿಗೆ ಖುಷಿಯೋ ಖುಷಿ. ಮರುದಿನವೇ ಸ್ಟೀಲಿನ ಡಬ್ಬಿ ಹಿಡಿದು ಬಂದರು. "ಬಸುರಿಗೆ ಒಳ್ಳೇದು ಅಂತ ಮಾಡಿದ್ದು ಮಾರಾಯ್ರೆ, ಬಿಸಿ ಉಂಟು" ಎಂದು ಅತ್ತೆಯ ಕೈಗೇ ಕೊಟ್ಟರು. ಅತ್ತೆ ಮುಚ್ಚಳ ತೆಗೆದರು. ಒಳಗೆ ಬಂಗುಡೆ ಸಾರು.

ನಮ್ಮ ಅತ್ತೆ ಮೊಟ್ಟೆ ಇಟ್ಟ ಫ್ರಿಜ್ಜಿನಲ್ಲಿ ಮೊಸರು ಇಡದ ಲಿಂಗಾಯತರು. "ಶಿವಾ, ಶಿವಾ!" ಎಂದವರೇ ಬಾಗಿಲು ಹಾಕಿಕೊಂಡುಬಿಟ್ಟರು, ಬಾಯಿ ಇನ್ನೂ ಹೊಸ್ತಿಲಲ್ಲೇ ಇರುವಾಗ. ಹೋಗಲಿ, ಅಲ್ಲಿಗೆ ಮುಗಿದಿದ್ದರೆ ಬಾಯಿ ನಕ್ಕು ಮರೆಯುತ್ತಿದ್ದರೋ ಏನೋ. ಅತ್ತೆ ಆ ಡಬ್ಬಿಯನ್ನು ಬಿಸಿನೀರಲ್ಲಿ ಮೂರ್ನಾಲ್ಕು ಸಲ ತಿಕ್ಕಿ ತೊಳೆದು, ನನ್ನ ಕೈಯಲ್ಲಿ ಖಾಲಿ ಕಳಿಸಿದರು. ಖಾಲಿ! ಒಂದು ಚಮಚ ಸಕ್ಕರೆಯಾದರೂ ಹಾಕದೆ ಯಾರ ಮನೆಗೂ ಡಬ್ಬಿ ತಿರುಗಿಸಬಾರದು ಎಂಬುದು ಉಡುಪಿಗೂ ಗೊತ್ತು, ವಿಜಯಪುರಕ್ಕೂ ಗೊತ್ತು. ಬಾಯಿ ಡಬ್ಬಿಯ ಒಳಗೆ ನೋಡಿದರು, ನನ್ನ ಮುಖ ನೋಡಿದರು. "ಆಯ್ತು, ನಿಮ್ಮ ಅತ್ತೆಯವರಿಗೆ ಹೇಳು, ಡಬ್ಬಿ ಸಿಕ್ಕಿತು ಅಂತ" ಎಂದರು. ಅಂದಿನಿಂದ ಎರಡು ಮಹಡಿಗಳ ನಡುವೆ ಗಡಿ ಬಂದ್.

ಕೆಲವು ದಿನ ಕಳೆದು ಅತ್ತೆ ಚೀಲ ಹೊರತೆಗೆದರು. "ನೋಡವಾ, ತಪ್ಪ ತಿಳ್ಕೋಬ್ಯಾಡ. ಮಾತಿಲ್ಲದ ಊರಾಗ ನನಗ ಉಸರ ಹಿಡದಂಗ ಆಗೇತಿ. ಟಿಕೀಟ ತಗಿಸಿ ಕೊಡ್ರಿ, ಹೊಕ್ಕೇನಿ" ಎಂದರು. ನನ್ನವರು ನನ್ನ ಕಡೆ ನೋಡಿದರು. ನಾನು, "ಆಗ್ಲಿ ಅತ್ತಿ, ನಿಮ್ಮ ಮನಸ್ಸಿದ್ದಂಗ" ಎಂದು ಬಲು ಗಂಭೀರವಾಗಿ ಹೇಳಿ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಅವ್ವ ಇಲ್ಲದ ಹೆರಿಗೆಗೆ ಅವರೊಬ್ಬರು ಇರಲಿ ಎಂಬುದು ನನಗಿದ್ದ ಒಂದೇ ಆಸೆ. ಬಾಣಂತಿ ನೀರು ಹಾಕುವವರು, ಕೂಸಿಗೆ ಎಣ್ಣೆ ತಿಕ್ಕುವವರು ಬೇಕು ಎಂಬ ಸ್ವಾರ್ಥ ಇರಲಿಲ್ಲವೆಂದು ಹೇಳಲಾರೆ, ಇತ್ತು. ಆದರೆ ನನಗೆ ಅವರೇ ಬೇಕಾಗಿದ್ದರು.

ಸಾಹೇಬರು ಬಂದದ್ದು ಅದೇ ವಾರ.

ನೆಲಮಹಡಿಯಲ್ಲಿ ಕ್ಲೋಡೀನ್ ಎಂಬ ಶಾಲಾ ಶಿಕ್ಷಕಿ ಇದ್ದಳು, ರುವಾಂಡದವಳು. ಅವಳಿಗೆ ಹೆರಿಗೆಯಾಗಿತ್ತು. ಮೊಮ್ಮಗನನ್ನು ಆಡಿಸಲು ಊರಿಂದ ಅವಳ ಅಪ್ಪ ಬಂದಿದ್ದರು. ಸರೋವರದ ದಂಡೆಯ ಒಂದು ಗಡಿ ಊರಿನ ಸರಕಾರಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ, ತಲೆಗೆ ಟೊಪ್ಪಿಗೆ. ಅತ್ತೆ ಕಿಟಕಿಯಿಂದ ನೋಡಿ ಅವರಿಗೆ 'ಸಾಹೇಬ್ರು' ಎಂದು ಹೆಸರಿಟ್ಟರು, ಅದೇ ಉಳಿಯಿತು. ನಾನು ಅವರನ್ನು ಮೊದಲು ಕಂಡದ್ದು ಲಿಫ್ಟಿನಲ್ಲಿ. ಅವರು ನಂಬರು ನೋಡುವ ಪೈಕಿ ಅಲ್ಲ. ನೇರವಾಗಿ ನನ್ನ ಹೊಟ್ಟೆ ನೋಡಿ, ನಿಧಾನದ ಇಂಗ್ಲಿಷಿನಲ್ಲಿ ಕೇಳಿದರು: "ಮಗಳೇ, ಈ ಕಟ್ಟಡದಲ್ಲಿ ನಿನ್ನ ವಿಷಯ ಯಾರಿಗೆ ಗೊತ್ತು?"

ನನ್ನ ಡಾಕ್ಟರಿಗೆ ಗೊತ್ತು, ಸೂಲಗಿತ್ತಿಗೆ ಗೊತ್ತು ಎಂದೆ. ಅವರು ತಲೆಯಾಡಿಸಿದರು. "ಅವರು ಇರುವುದು ಆಸ್ಪತ್ರೆಯಲ್ಲಿ. ಈ ಕಟ್ಟಡದಲ್ಲಿ?" ಯಾರಿಗೂ ಇಲ್ಲ ಎಂದೆ. ಮನುಷ್ಯ ಬೆಚ್ಚಿಬಿದ್ದರು. ಅವರ ದೇಶದಲ್ಲಿ ಪ್ರತಿ ಹಳ್ಳಿಯ ಜನ ತಮ್ಮೊಳಗಿನವರನ್ನೇ ಆರೋಗ್ಯದ ಕೆಲಸಕ್ಕೆ ಆರಿಸುತ್ತಾರಂತೆ. ಸರಕಾರ ಅವರಿಗೆ ತರಬೇತಿ ಕೊಡುತ್ತದೆ. ಬಸುರಿಯರನ್ನು, ಎಳೆಕೂಸುಗಳನ್ನು ನೋಡಿಕೊಳ್ಳಲೆಂದೇ ಒಬ್ಬಳು ಇರುತ್ತಾಳೆ. ಯಾರ ಮನೆಯಲ್ಲಿ ಯಾರಿಗೆ ಎಷ್ಟು ತಿಂಗಳು ಎಂದು ಅವಳಿಗೆ ಬಾಯಿಪಾಠ. "ಇಷ್ಟು ದೊಡ್ಡ ದೇಶ, ಇಷ್ಟು ದೊಡ್ಡ ಆಸ್ಪತ್ರೆ, ಆದರೆ ಮೆಟ್ಟಿಲ ಮೇಲೆ ಯಾರೂ ಇಲ್ಲ" ಎಂದು ಮರುಗಿದರು. ನನಗೆ ಸ್ವಲ್ಪ ಸಿಟ್ಟೂ ಬಂತು ಅನ್ನಿ. ಲಂಡನ್ನಿನಲ್ಲಿ ಫ್ಲಾಟು ಹಿಡಿದ ನನಗೆ ಕನಿಕರ ತೋರಿಸುತ್ತಾರಲ್ಲ, ಇವರ್‍ಯಾರು ಎಂದು.

ನಮ್ಮ ಕಟ್ಟಡದ ಹಿತ್ತಲು ಆಗ ಹೇಗಿತ್ತೆಂದರೆ, ಹೇಳದಿರುವುದೇ ಮೇಲು. ಹರಿದ ಹಾಸಿಗೆ, ಕೆಟ್ಟ ವಾಷಿಂಗ್ ಮಷೀನು, ಚೀಲಗಳನ್ನು ಹರಿದು ಹಬ್ಬ ಮಾಡುವ ನರಿಗಳು. ಎಲ್ಲರೂ ಕೌನ್ಸಿಲ್‌ಗೆ ಬೈಯುತ್ತಿದ್ದೆವು. ಬೈದ ಮೇಲೆ ನಮ್ಮ ಕರ್ತವ್ಯ ಮುಗಿಯಿತೆಂದು ಬಾಗಿಲು ಹಾಕಿಕೊಳ್ಳುತ್ತಿದ್ದೆವು. ಸಾಹೇಬರು ಒಂದು ವಾರ ಅದನ್ನು ನೋಡಿದರು. ಆಮೇಲೆ ಟೊಪ್ಪಿಗೆ ಹಾಕಿಕೊಂಡು ಮನೆಮನೆಯ ಬಾಗಿಲು ಬಡಿದರು. ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಎಲ್ಲರೂ ಕೆಳಗೆ ಬರಬೇಕು, ಕೆಲಸ ಮಾಡಬೇಕು, ಆಮೇಲೆ ಕೂತು ಮಾತಾಡಬೇಕು. ಅವರ ದೇಶದಲ್ಲಿ ಇದಕ್ಕೆ ಉಮುಗಾಂಡ ಎನ್ನುತ್ತಾರಂತೆ. ಆ ಬೆಳಿಗ್ಗೆ ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ಮಂತ್ರಿಯಾದಿಯಾಗಿ ಎಲ್ಲರೂ ಗುದ್ದಲಿ ಹಿಡಿಯುತ್ತಾರೆ. ಚರಂಡಿ ತೋಡುತ್ತಾರೆ, ಗಿಡ ನೆಡುತ್ತಾರೆ, ಬಡವರ ಮನೆಗೆ ಗೋಡೆ ಎಬ್ಬಿಸುತ್ತಾರೆ. ಕೆಲಸ ಮುಗಿದ ಮೇಲಿನ ಸಭೆಯಲ್ಲೇ ಲಸಿಕೆಯ ಮಾತು, ಆರೋಗ್ಯ ವಿಮೆಯ ಮಾತು, ಬೇಲಿ ಜಗಳದ ಮಾತು.

"ಬರದಿದ್ದರೆ?" ಎಂದು ಕೇಳಿದೆ.

"ದಂಡ" ಎಂದರು ಸಾಹೇಬರು, ಮಗುವಿನ ಹಾಗೆ ನಗುತ್ತ.

ಕ್ಲೋಡೀನ್ ಪಕ್ಕದಲ್ಲಿ ಕೂಸನ್ನು ತಟ್ಟುತ್ತಿದ್ದಳು. "ಅಪ್ಪ ಹೇಳುವುದೆಲ್ಲ ನಿಜ. ಆದರೆ ಅವರು ತೊಳೆದ ಮುಖವನ್ನಷ್ಟೇ ತೋರಿಸುತ್ತಾರೆ. ದಂಡಕ್ಕೆ ಹೆದರಿ ಬರುವವರೂ ಇದ್ದಾರೆ. ಗಡಿಯಾಚೆಯವರ ಜೊತೆ ನಮ್ಮವರ ಜಗಳವೂ ಸಣ್ಣದಲ್ಲ" ಎಂದಳು. ಅಪ್ಪ ಸಿಟ್ಟಾಗಲಿಲ್ಲ. "ಜಗಳ ಇದೆ. ಆದರೆ ಆಚೆ ಎಬೋಲಾ ಬಂದಾಗ ದಾಟುವ ಜಾಗದಲ್ಲಿ ಕೈತೊಳೆಯುವ ನೀರು ಇಟ್ಟೆವು, ಜ್ವರ ನೋಡಿದೆವು, ಎರಡೂ ಕಡೆಯ ವೈದ್ಯರು ಕೂತು ಮಾತಾಡಿದರು. ಜಗಳವಾಡುವ ನೆರೆಯವನಿಗೂ ಕಾಯಿಲೆ ಬರುತ್ತದೆ, ಮಗಳೇ. ಅದು ನಮ್ಮ ಮನೆಗೆ ಬರಲು ಪಾಸ್‌ಪೋರ್ಟ್ ಕೇಳುವುದಿಲ್ಲ" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಹೇಳಿದರು. "ನಮ್ಮಲ್ಲಿ ನೆರೆಯವರು ನೆರೆಯವರನ್ನು ಕೊಂದ ಕಾಲ ಒಂದಿತ್ತು. ಆಮೇಲೆ ಒಬ್ಬರ ಮುಖ ಒಬ್ಬರು ಹೇಗೆ ನೋಡುವುದು? ಕೈಗೆ ಗುದ್ದಲಿ ಕೊಟ್ಟರು. ಕೆಲಸ ಮಾಡುವಾಗ ಮುಖ ನೋಡಬೇಕಾಗಿಲ್ಲ, ಮಣ್ಣು ನೋಡಿದರೆ ಸಾಕು."

ಆ ಮಾತಿನ ಮುಂದೆ ನಮ್ಮ ಮೀನಿನ ಡಬ್ಬಿಯ ಜಗಳ ಎಷ್ಟರದು? ನಾಚಿಕೆಯಾಯಿತು. ಆದರೂ ಜಗಳ ಜಗಳವೇ. ಆ ಶನಿವಾರ ಬಂದಾಗ ಅತ್ತೆ, "ಆಕಿ ಬರ್ತಾಳಂದ್ರ ನಾ ಬರಂಗಿಲ್ಲ" ಎಂದರು. ಬಾಯಿಯೂ ಮಗನ ಹತ್ತಿರ ಅದನ್ನೇ ಹೇಳಿದ್ದರಂತೆ. ಬಸ್ಸು ಓಡಿಸುವ ಸರ್ದಾರ್ಜಿ ಬಂದರು, ಎರಡನೇ ಮಹಡಿಯ ಪೋಲೆಂಡಿನ ಪ್ಲಂಬರ್ ಬಂದ, ಬಾಯಿಯ ಮಗ ಬಂದ, ನನ್ನವರು ಪಾಳಿ ಮುಗಿಸಿ ಆಕಳಿಸುತ್ತ ಬಂದರು. ನನಗೆ ಕುರ್ಚಿ ಹಾಕಿ ಕೂರಿಸಿ, ಮೇಲ್ವಿಚಾರಣೆಯ ಕೆಲಸ ಕೊಟ್ಟರು. ಆ ಕೆಲಸ ನನಗೆ ಹೇಳಿ ಮಾಡಿಸಿದ್ದು. ಮಧ್ಯಾಹ್ನದ ಹೊತ್ತಿಗೆ ಹಿತ್ತಲಿನ ನೆಲ ಕಂಡಿತು. ನಮ್ಮ ಹಿತ್ತಲಿಗೆ ನೆಲ ಇದೆಯೆಂದು ನಮಗೆ ಗೊತ್ತಾದದ್ದೇ ಅವತ್ತು.

ಆಮೇಲೆ ಸಭೆ. ಸಾಹೇಬರು ಎದ್ದು ನಿಂತು, ಇಬ್ಬರು ಹಿರಿಯರು ಬಂದಿಲ್ಲ, ದಂಡ ಹಾಕಬೇಕಾಗುತ್ತದೆ ಎಂದು ಘೋಷಿಸಿದರು. ದಂಡ ಏನೆಂದರೆ ಎಲ್ಲರಿಗೂ ಚಹಾ. ಇಬ್ಬರೂ ಸೇರಿ, ಕ್ಲೋಡೀನಳ ಅಡುಗೆಮನೆಯಲ್ಲಿ, ಒಂದೇ ಪಾತ್ರೆಯಲ್ಲಿ ಮಾಡಬೇಕು. ಜಗಳದ ಸುದ್ದಿ ಅವರಿಗೆ ಯಾರು ಹೇಳಿದರೋ ನನಗೆ ಗೊತ್ತಿಲ್ಲ. ಕ್ಲೋಡೀನ್ ಮಾತ್ರ ಬೇರೆ ಕಡೆ ನೋಡುತ್ತಿದ್ದಳು.

ನಾನು ಮೇಲೆ ಹೋಗಿ ಹೇಳಿದೆ. ಅತ್ತೆ ಸಿಡಿದರು. "ನನಗ ದಂಡಾ? ನಮ್ಮ ಮನಿತನದಾಗ ಯಾರಿಗೂ ದಂಡ ಬಿದ್ದಿಲ್ಲ!" ಎಂದು ಎದ್ದವರು, ಸೆರಗು ಸಿಗಿಸಿ ಮೆಟ್ಟಿಲಿಳಿದೇಬಿಟ್ಟರು. ದಂಡ ಉಳಿಸಿಕೊಂಡವರು ಅನ್ನಿಸಿಕೊಳ್ಳುವುದಕ್ಕಿಂತ ಚಹಾ ಮಾಡುವುದು ಮೇಲು ಎಂದು ತೋರಿರಬೇಕು. ಬಾಯಿ ಆಗಲೇ ಅಡುಗೆಮನೆಯಲ್ಲಿದ್ದರು, ಅವರದೂ ಅದೇ ಲೆಕ್ಕಾಚಾರ. ನಾವು ಹೊರಗೆ ಕೂತು ಕಿವಿ ನಿಮಿರಿಸಿದೆವು.

ಮೊದಲು ಪಾತ್ರೆಯ ಸದ್ದು. ನೀರಿನ ಸದ್ದು. ಒಂದು ವಿಮಾನ ಹೋಯಿತು. ಆಮೇಲೆ ಅತ್ತೆಯ ದನಿ: "ಶುಂಠಿ ಈಗ ಹಾಕಬಾರದ್ರಿ, ಹಾಲ ಒಡೀತಾವ."

"ಎಂತದು ಒಡಿಯುದು? ನಾನು ನಲವತ್ತು ವರ್ಷದಿಂದ ಹೀಗೇ ಹಾಕುದು."

"ಅದಕ್ಕ ನಿಮ್ಮ ಕಡೀ ಚಹಾ ಹಂಗಿರ್ತೈತಿ."

"ನೀವು ಕುಡಿದಿದ್ದೀರಾ? ಬಾಗಿಲು ಹಾಕ್ಕೊಂಡವರು ಕುಡಿಯುದು ಹೇಗೆ?"

ಸದ್ದು ನಿಂತಿತು. ನನ್ನವರು ಎದ್ದೇಬಿಟ್ಟರು, ಸಾಹೇಬರು ಅವರ ತೋಳು ಹಿಡಿದು ಕೂರಿಸಿದರು. ಆಗ ಒಳಗಿನಿಂದ ಅತ್ತೆಯ ಮೆತ್ತಗಿನ ದನಿ ಕೇಳಿತು. "ಬಾಗಲಾ ಹಾಕಿದ್ದಕ್ಕ ನಂದೇನ ತಪ್ಪಿಲ್ರಿ, ಅದು ನಮ್ಮ ರೂಢಿ. ಆದ್ರ ಡಬ್ಬಿ ಖಾಲಿ ಕಳಸಬಾರದಿತ್ತ. ಅವತ್ತಿಂದ ನನಗ ಊಟ ಸೇರವಲ್ದು."

"ಅಯ್ಯೋ ನನಗೂ ಹೇಳ್ಬೇಕಿತ್ತಲ್ಲ ಮಾರಾಯ್ತಿ, ಮೀನು ತಿನ್ನುದಿಲ್ಲ ಅಂತ! ಈ ನಿಮ್ಮ ಸೊಸೆ ಬಾಯಿ ಬಿಟ್ಟಿದ್ದರೆ..."

"ಆಕೀದ ತಪ್ಪು, ಅಲ್ರೀ ಮತ್ತ?"

ಹೀಗೆ ಎರಡು ದೇಶಗಳು ನನ್ನ ತಲೆಯ ಮೇಲೆ ಗೂಬೆ ಕೂರಿಸಿ ಒಪ್ಪಂದಕ್ಕೆ ಬಂದವು. ನಗು ಕೇಳಿತು. ಚಹಾ ಬಂತು. ಹಾಲು ಒಡೆದಿತ್ತು. ಶುಂಠಿಯ ವಿಷಯದಲ್ಲಿ ಅತ್ತೆ ಹೇಳಿದ್ದೇ ಸರಿಯಾಗಿತ್ತು. ಎಲ್ಲರೂ ಲೋಟ ಬರಿದು ಮಾಡಿದೆವು. ಸರ್ದಾರ್ಜಿ ಇನ್ನೊಂದು ಲೋಟ ಕೇಳಿದರು. ಅಂಥ ದೊಡ್ಡ ಮನಸ್ಸಿನ ಮನುಷ್ಯ ಅವರು.

ಆಮೇಲೆ ಟಿಕೆಟ್ಟಿನ ಮಾತು ಬರಲೇ ಇಲ್ಲ. ಒಮ್ಮೆ ನನ್ನವರು ತಾವೇ ಕೇಳಿದರು, "ಅವ್ವಾ, ಟಿಕೀಟ ನೋಡ್ಲಿ ಏನು?" ಅತ್ತೆ ಸೊಪ್ಪು ಸೋಸುತ್ತಿದ್ದರು. "ನಿನಗ ಬುದ್ಧಿ ಐತೇನು? ಮುಂದಿನ ತಿಂಗಳ ಶನಿವಾರ ನಿಂತ ಕೆಲಸಾ ಮಾಡಸವ್ರು ಯಾರು, ನೀ?" ಎಂದರು. ಸಾಹೇಬರು ಗೆದ್ದ ಹಿತ್ತಲಲ್ಲಿ ಒಂದು ಸೊಪ್ಪಿನ ಮಡಿ ಮಾಡಿದ್ದರು. ಅವರ ದೇಶದಲ್ಲಿ ಮನೆಮನೆಗೂ ಕೈತೋಟ ಇರಬೇಕು, ಮಕ್ಕಳು ಸೊಪ್ಪು ತಿಂದು ಗಟ್ಟಿಯಾಗಬೇಕು ಎಂದು ಸರಕಾರವೇ ಬೆನ್ನುಹತ್ತುತ್ತದಂತೆ. ಮಡಿಯಲ್ಲಿ ಕೆಂಪು ದಂಟು ಮೇಲೆ ಬಂದಾಗ ಅತ್ತೆ ಕಿಟಕಿಯಿಂದಲೇ ಕೂಗಿದರು: "ಯವ್ವಾ, ರಾಜಗಿರಿ! ಇವರ ದೇಶದಾಗೂ ರಾಜಗಿರಿ ಐತಿ!" ಕೆಳಗಿನ ಕಿಟಕಿಯಿಂದ ಬಾಯಿ, "ಅದು ಹರಿವೆ ಮಾರಾಯ್ತಿ" ಎಂದರು. ಸಾಹೇಬರು ತಮ್ಮ ಭಾಷೆಯ ಹೆಸರು ಹೇಳಿದರು. ಅತ್ತೆಯೂ ಸಾಹೇಬರೂ ಮಡಿಯ ಎರಡು ಬದಿಗೆ ಕೂತು, ಇವರು ವಿಜಯಪುರದ ಕನ್ನಡದಲ್ಲಿ, ಅವರು ತಮ್ಮ ಭಾಷೆಯಲ್ಲಿ, ಗಂಟೆಗಟ್ಟಲೆ ಹರಟುತ್ತಿದ್ದರು. ಏನು ಮಾತಾಡಿದಿರಿ ಎಂದರೆ, "ಅವರ ಹೆಂಡತಿಗೆ ಮೊಣಕಾಲ ನೋವಂತ" ಎನ್ನುತ್ತಿದ್ದರು. ಕ್ಲೋಡೀನಳನ್ನು ಕೇಳಿದರೆ, ಹೌದು, ಅಮ್ಮನಿಗೆ ಮೊಣಕಾಲು ನೋವು ಎಂದಳು. ಹೇಗೆ ತಿಳಿಯಿತೋ ಶಿವನೇ ಬಲ್ಲ. ಮೊದಲ ಕೊಯ್ಲಿನ ಪಲ್ಯ ಬಾಯಿಯ ಸ್ಟೀಲ್ ಡಬ್ಬಿಯಲ್ಲಿ ತುಂಬಿ ಹೋಯಿತು. ಡಬ್ಬಿ ಕಡುಬು ತುಂಬಿಕೊಂಡು ವಾಪಸ್ಸು ಬಂತು. ಅದು ಮತ್ತೆ ಖಾಲಿ ಕೂತದ್ದನ್ನು ನಾನು ಕಂಡಿಲ್ಲ.

ನನಗೆ ನೋವು ಶುರುವಾದದ್ದು ಒಂದು ಮಧ್ಯಾಹ್ನ, ಹೇಳಿದ ದಿನಕ್ಕಿಂತ ಮೊದಲೇ. ನನ್ನವರು ಕೆಲಸದಲ್ಲಿ. ಲಿಫ್ಟು ಅವತ್ತೇ ಕೆಟ್ಟು ನಿಂತಿತ್ತು. ನಮ್ಮದು ಮೂರನೇ ಮಹಡಿ. ನಾನು ನಡೆಯುತ್ತೇನೆ ಎಂದೆ. ಯಾರು ಕೇಳಬೇಕು? ಅತ್ತೆ ಕಿಟಕಿಯಿಂದ ಒಂದೇ ಕೂಗು ಹಾಕಿದರು, ವಿಜಯಪುರದಲ್ಲಿ ಬಾವಿಗೆ ಬಿದ್ದ ಕೊಡಕ್ಕೆ ಹಾಕುವ ಕೂಗು. ಬಾಗಿಲುಗಳು ತೆರೆದವು. ಸಾಹೇಬರು ಮೆಟ್ಟಿಲು ಹತ್ತಿ ಬಂದವರೇ, ಊಟದ ಕುರ್ಚಿಯೊಂದನ್ನು ತಂದು ನನ್ನನ್ನು ಕೂರಿಸಿದರು. ಗುಡ್ಡಗಾಡಿನ ಅವರ ಊರಲ್ಲಿ ಆಂಬುಲೆನ್ಸು ಬರುವ ಮೊದಲು ಬಸುರಿಯರನ್ನು ನೆರೆಯವರೇ ಹೊತ್ತು ಬೆಟ್ಟ ಇಳಿಸುತ್ತಿದ್ದರಂತೆ, ಅದಕ್ಕೆ ಸರದಿ ಇತ್ತಂತೆ. ಸರ್ದಾರ್ಜಿ ಒಂದು ಕಡೆ, ಪ್ಲಂಬರ್ ಇನ್ನೊಂದು ಕಡೆ, ಬಾಯಿಯ ಮಗ ಹಿಂದೆ. ಸಾಹೇಬರು ಹೆಜ್ಜೆ ಹೆಜ್ಜೆಗೂ ತಮ್ಮ ಭಾಷೆಯಲ್ಲಿ ತಾಳ ಹಾಕುತ್ತಿದ್ದರು. ಬಾಯಿ ಜಪಮಾಲೆ ಹಿಡಿದು ಮೇರಿಮಾತೆಯನ್ನು ಕರೆಯುತ್ತಿದ್ದರು. ಎಲ್ಲರಿಗಿಂತ ಮುಂದೆ ಅತ್ತೆ, ಹಣೆತುಂಬ ವಿಭೂತಿ, ಕೈಯಲ್ಲಿ ಕಸಬರಿಗೆ, ಮೆಟ್ಟಿಲ ಮೇಲಿನ ಧೂಳು ಗುಡಿಸುತ್ತ, "ಸರೀರಿ, ಸರೀರಿ, ನಮ್ಮ ಸೊಸಿ ಬರಾಕತ್ತಾಳ!" ಎಂದು ಖಾಲಿ ಮೆಟ್ಟಿಲಿಗೆ ಅಪ್ಪಣೆ ಮಾಡುತ್ತಿದ್ದರು.

ನನಗೆ ನಗು ಬಂತು. ನೋವಿನ ನಡುವೆ ನಗು, ನಗುವಿನ ನಡುವೆ ನೋವು. ಕುರ್ಚಿ ಅಲುಗಾಡಿತು. "ನಗಬ್ಯಾಡ ಹುಚ್ಚಿ, ಹೊತ್ತವರ ಕೈ ಜಾರ್ತಾವ!" ಎಂದು ಅತ್ತೆ ಗದರಿದರು, ಅವರೂ ನಗುತ್ತಿದ್ದರು. ಕ್ಲೋಡೀನಳ ಕಾರು ಬಾಗಿಲು ತೆರೆದು ನಿಂತಿತ್ತು. ಹತ್ತುವ ಮೊದಲು ಹಿಂತಿರುಗಿ ನೋಡಿದೆ. ಇಡೀ ಕಟ್ಟಡ ಹೊರಗೆ ನಿಂತಿತ್ತು. ಅವ್ವಾ, ನೋಡು, ನನಗೆ ಎಷ್ಟು ಜನ ತವರಿನವರು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಮಗಳು ಆ ಸಂಜೆಯೇ ಹುಟ್ಟಿದಳು. ಈಗ ನರ್ಸರಿಗೆ ಹೋಗುತ್ತಾಳೆ, ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ತಿರುಗಿ ಮಾತಾಡುತ್ತಾಳೆ. ಸಾಹೇಬರು ಅವರ ಊರಿಗೆ ಹೋದರು. ಅತ್ತೆ ವೀಸಾ ಮುಗಿಯುವವರೆಗೂ ಇದ್ದು, ಎರಡನೇ ಸಲ ಬಂದು, ಈಗ ವಿಜಯಪುರದಲ್ಲಿದ್ದಾರೆ. ಅಲ್ಲಿ ಓಣಿಯವರನ್ನೆಲ್ಲ ತಿಂಗಳ ಕೊನೆಯ ಶನಿವಾರ ಎಬ್ಬಿಸುತ್ತಾರೆ, ಬರದವರಿಗೆ ಚಹಾದ ದಂಡ. "ಎಲ್ಲಿಂದ ಕಲ್ತ್ರಿ ಇದನ್ನ?" ಎಂದು ಯಾರೋ ಕೇಳಿದ್ದಕ್ಕೆ, "ಆಫ್ರಿಕಾದ ಸರಕಾರದವರು ನಮಗ ಕಲಿಸ್ಯಾರ. ಹತ್ತ ಮಂದಿಗೆ ಹುಲ್ಲಕಡ್ಡಿ, ಒಬ್ಬಗ ತಲಿಹೊರಿ" ಎಂದರಂತೆ.

ಇವತ್ತು ಕೊನೆಯ ಶನಿವಾರ. ಬಾಯಿ ಆಗಲೇ ಕೆಳಗಿಳಿದು ನನ್ನ ಹೆಸರು ಕೂಗುತ್ತಿದ್ದಾರೆ. ಪಲ್ಯ ಆಗಿದೆ. ಸ್ಟೀಲ್ ಡಬ್ಬಿ ಇವತ್ತು ನಮ್ಮನೆಯಲ್ಲಿದೆ. ಅದರ ತುಂಬ ಹಾಕಿ ಮುಚ್ಚಳ ಬಿಗಿದೆ. ಕೆಳಗೆ ಹೋಗುವ ಬದಲು ಮೇಲೆ ಹತ್ತಿದೆ, ಲಿಫ್ಟು ಬಿಟ್ಟು ಮೆಟ್ಟಿಲಿನಿಂದಲೇ.

ಬಾಗಿಲು ಬಡಿದೆ. ಆ ಹುಡುಗಿ ಸಂದಿಯಲ್ಲಿ ಇಣುಕಿದಳು. ಯಾವ ಊರೋ, ಯಾವ ಭಾಷೆಯೋ. ಏನು ಬೇಕು ಎಂಬಂತೆ ನೋಡಿದಳು.

"ನಾನು ಮೂರನೇ ಮಹಡಿಯವಳು" ಎಂದೆ. "ಇದರಲ್ಲಿ ಬರೀ ಸೊಪ್ಪು. ನೀನು ಏನು ತಿನ್ನುತ್ತೀ, ಏನು ತಿನ್ನುವುದಿಲ್ಲ ಎಂದು ಮೊದಲೇ ಹೇಳಿಬಿಡು. ಮತ್ತೆ, ಎಷ್ಟು ತಿಂಗಳು? ಈ ಕಟ್ಟಡದಲ್ಲಿ ಯಾರಿಗಾದರೂ ಗೊತ್ತಿರಬೇಕು."

ಅವಳು ನನ್ನ ಮುಖ ನೋಡಿದಳು, ಡಬ್ಬಿ ನೋಡಿದಳು. ಆಮೇಲೆ ಸರಪಳಿ ತೆಗೆದು ಬಾಗಿಲು ಪೂರ್ತಿ ತೆರೆದಳು.